ಗಾಲೆಯ ಹಳೆಯ ಹೋಟೆಲು: ಹಡಗುಗಳು ತೊರೆದ ಮೇಲೂ ಉಳಿದ ಸೂರು

ಶ್ರೀಲಂಕೆಯ ದಕ್ಷಿಣ ಕರಾವಳಿಯ ಗಾಲೆ, ಕಡಲ ಯಾತ್ರಿಕರಿಗೆ ಶತಮಾನಗಳಿಂದ ಪರಿಚಿತವಾದ ಬಂದರು. 14ನೇ ಶತಮಾನದಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತ ಅದನ್ನು ಒಂದು ಸಣ್ಣ ಪಟ್ಟಣವೆಂದು ದಾಖಲಿಸಿದ್ದಾರೆ. ಮುಂದಿನ ಶತಮಾನದ ಆರಂಭದಲ್ಲಿ ಚೀನಾದ ಮುಸ್ಲಿಮ್ ನೌಕಾಧಿಪತಿ ಝೆಂಗ್ ಹೆ ತಂದಿದ್ದ ಶಿಲಾಶಾಸನವು 1911ರಲ್ಲಿ ಈ ಪಟ್ಟಣದಲ್ಲಿ ದೊರೆಯಿತು. ಚೀನೀ, ತಮಿಳು ಮತ್ತು ಪಾರಸಿ ಎಂಬ ಮೂರು ಭಾಷೆಗಳಲ್ಲಿರುವ ಆ ಬರಹವೇ ಇಲ್ಲಿನ ಕಡಲು ಎಷ್ಟು ಜನಾಂಗಗಳಿಗೆ ದಾರಿಯಾಗಿತ್ತೆಂಬುದಕ್ಕೆ ಸಾಕ್ಷಿ.

1640ರಲ್ಲಿ ಡಚ್ಚರು ಪೋರ್ಚುಗೀಸರಿಂದ ಗಾಲೆಯನ್ನು ವಶಪಡಿಸಿಕೊಂಡು ಕೋಟೆಯನ್ನು ವಿಸ್ತರಿಸಿದರು. ಅದರೊಳಗೆ 1684ರ ಸುಮಾರಿಗೆ ಅವರು ಕಟ್ಟಿದ ಭವನವೊಂದು ಬ್ರಿಟಿಷರ ಕಾಲದಲ್ಲಿ, 1863ರಲ್ಲಿ, 'ಓರಿಯೆಂಟಲ್ ಹೋಟೆಲ್' ಆಯಿತು. ಅಧಿಕಾರಿಗಳಿಗಾಗಿ ಎದ್ದ ಗೋಡೆಗಳು ಅಪರಿಚಿತ ಪಯಣಿಗರಿಗೆ ಆಸರೆಯಾದವು. ಅದು ಉಗಿಹಡಗುಗಳ ಯುಗ. ಯುರೋಪಿನಿಂದ ಪೂರ್ವದೇಶಗಳಿಗೂ ಆಸ್ಟ್ರೇಲಿಯಾಕ್ಕೂ ಸಾಗುವ ಹಡಗುಗಳು ಕಲ್ಲಿದ್ದಲು ತುಂಬಿಸಿಕೊಳ್ಳಲು ಇಲ್ಲಿ ನಿಲ್ಲುತ್ತಿದ್ದವು. ಹಡಗು ಬದಲಿಸುವವರು ದಡದಲ್ಲಿ ತಂಗುತ್ತಿದ್ದರು.

ಆದರೆ ಗಾಲೆಯ ಬಂದರಿನಲ್ಲಿ ಬಂಡೆಗಳಿದ್ದವು. ಮುಂಗಾರಿನ ಅಲೆಗಳಿಂದ ರಕ್ಷಣೆಯೂ ಸಾಲದಾಗಿತ್ತು. ಕೊಲಂಬೊದಲ್ಲಿ 1875ರಲ್ಲಿ ಶಂಕುಸ್ಥಾಪನೆಯಾದ ಅಲೆತಡೆಗೋಡೆ 1885ರಲ್ಲಿ ಪೂರ್ಣಗೊಂಡಿತು. ಹಡಗುಗಳು ಅತ್ತ ತಿರುಗಿದವು. ಅವುಗಳೊಂದಿಗೆ ವ್ಯಾಪಾರಿಗಳ ವಹಿವಾಟು, ಹಮಾಲರ ಕೂಲಿ, ದೋಣಿಗಾರರ ಅನ್ನ ಎಲ್ಲವೂ ಕುಗ್ಗಿದವು. ಒಂದು ಊರಿನ ಬಾಳನ್ನು ಮತ್ತೊಂದು ಊರಿನ ಕಲ್ಲುಗೋಡೆ ಬದಲಿಸಿತು.

ಹೋಟೆಲು ಮಾತ್ರ ಬಾಗಿಲು ಮುಚ್ಚಲಿಲ್ಲ. 'ನ್ಯೂ ಓರಿಯೆಂಟಲ್' ಎಂಬ ಹೆಸರಿನಲ್ಲಿ ಅದನ್ನು ಒಂದು ಕುಟುಂಬವು ತಲೆಮಾರುಗಳ ಕಾಲ ನಡೆಸಿತು. ಸಮೃದ್ಧ ಬಂದರಿನಲ್ಲಿ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಆತುರವಿರುತ್ತದೆ. ಹಿಂದೆ ಬಿದ್ದ ಗಾಲೆಗೆ ಆ ಆತುರವಿರಲಿಲ್ಲ. ಸಿರಿ ಅಳಿಸಬಹುದಾಗಿದ್ದನ್ನು ಬಡತನ ಉಳಿಸಿತೆಂದರೆ ತಪ್ಪಾಗದು. 1988ರಲ್ಲಿ ಯುನೆಸ್ಕೊ ಈ ಕೋಟೆಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2004ರ ಡಿಸೆಂಬರ್ 26ರ ಸುನಾಮಿ ಕೋಟೆಯ ಹೊರಗಿನ ಊರನ್ನು ಧ್ವಂಸಗೊಳಿಸಿದಾಗಲೂ ಹಳೆಯ ಗೋಡೆಗಳು ಒಳಗಿನ ಬಹುಭಾಗವನ್ನು ಕಾಪಾಡಿದವು.

ಇಂದು ಆ ಹೋಟೆಲು ನವೀಕರಣಗೊಂಡು 'ಅಮನ್‌ಗಲ್ಲ' ಎಂಬ ಹೆಸರಿನಲ್ಲಿ ಸಿರಿವಂತ ಪ್ರವಾಸಿಗರನ್ನು ಸ್ವಾಗತಿಸುತ್ತಿದೆ. ಕಟ್ಟಡ ಉಳಿದುದು ಸಂತೋಷದ ಸಂಗತಿ. ಆದರೆ ಹಣವುಳ್ಳವನಷ್ಟೇ ಅತಿಥಿಯಲ್ಲ. ದಾರಿಹೋಕನಿಗೂ ನಮ್ಮ ಸಂಪತ್ತಿನಲ್ಲಿ ಹಕ್ಕಿದೆಯೆಂದು ಕುರ್‌ಆನ್ ಕಲಿಸಿದೆ. ಇಬ್ನ್ ಬತೂತರಂತಹ ಮುಸಾಫಿರರು ದೇಶದಿಂದ ದೇಶಕ್ಕೆ ಸಾಗಲು ಸಾಧ್ಯವಾದುದು ಆ ಹಕ್ಕನ್ನು ಮನ್ನಿಸಿದ ಮನೆಗಳಿಂದ. ಹಳೆಯ ಗೋಡೆಗಳನ್ನು ಜೋಪಾನ ಮಾಡುವ ನಾವು ಆ ತೆರೆದ ಬಾಗಿಲನ್ನೂ ಜೋಪಾನ ಮಾಡಬೇಕಲ್ಲವೇ?