ಶಿವಸಂಚಾರದ ಮನೆಮಂದಿ

ಸಾಣೇಹಳ್ಳಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನಾಟಕಗಳ ಬಗ್ಗೆ ಬರೆಯುತ್ತಾರೆ. ಯಾವ ವರ್ಷ ಯಾವ ನಾಟಕ, ನಿರ್ದೇಶಿಸಿದವರು ಯಾರು, ಯಾವ ಊರಿನಲ್ಲಿ ಎಷ್ಟು ಜನ ಸೇರಿದ್ದರು ಎಂಬುದೆಲ್ಲ ದಾಖಲಾಗುತ್ತದೆ. ಆ ನಾಟಕಗಳಿಗಾಗಿ ವರ್ಷದ ಬಹುಪಾಲು ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ಮುನಿಸಿಕೊಂಡು, ಮತ್ತೆ ಮಾತಾಡಿಕೊಂಡು ಬದುಕಿದವರ ಸುದ್ದಿ ಮಾತ್ರ ಎಲ್ಲೂ ಬರುವುದಿಲ್ಲ. ನಮ್ಮ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ‘ಶಿವಸಂಚಾರ’ ರೆಪರ್ಟರಿಯನ್ನು ನಾಡೆಲ್ಲ ತಿರುಗಾಟದ ತಂಡವೆಂದು ಬಲ್ಲದು. ಹತ್ತಿರದಿಂದ ಕಂಡ ನಮಗೆ ಅದು ಮೊದಲು ಒಂದು ಮನೆ. ಈ ಲೇಖನ ಆ ಮನೆಮಂದಿಗೆ ಸಂಬಂಧಿಸಿದ್ದು.

ಈ ಮನೆಯ ಬೇರು ಸಿರಿಗೆರೆಯಲ್ಲಿದೆ. ತರಳಬಾಳು ಮಠದ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರು ಪ್ರವಚನ ಮುಟ್ಟದ ಕಡೆ ನಾಟಕ ಮುಟ್ಟುತ್ತದೆಂದು ನಂಬಿದವರು. ‘ಮರಣವೇ ಮಹಾನವಮಿ’, ‘ವಿಶ್ವಬಂಧು ಮರುಳಸಿದ್ಧ’ ನಾಟಕಗಳನ್ನು ತಾವೇ ಬರೆದರು. ಪೀಠಾಧಿಪತಿಯೊಬ್ಬರು ನಾಟಕ ಬರೆದು ಆಡಿಸುವುದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. ಅವರ ಶಿಷ್ಯರಾದ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಸಾಣೇಹಳ್ಳಿಯ ಶಾಖಾಮಠಕ್ಕೆ ಬಂದ ಮೇಲೆ 1987ರಲ್ಲಿ ಗುರುಗಳ ಹೆಸರಿನಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು. ಹಿರಿಯ ಗುರುಗಳು 1992ರಲ್ಲಿ ಲಿಂಗೈಕ್ಯರಾದರು. ಐದು ವರ್ಷಗಳ ನಂತರ, 1997ರಲ್ಲಿ, ‘ಶಿವಸಂಚಾರ’ ಹೊರಟಿತು. ‘ಸಮುದಾಯ’ ರಂಗಚಳವಳಿಯಿಂದ ಬಂದ ಸಿ.ಜಿ. ಕೃಷ್ಣಸ್ವಾಮಿ, ನಮ್ಮೆಲ್ಲರ ಸಿಜಿಕೆ, ಆರಂಭದ ದಿನಗಳಲ್ಲಿ ಈ ಕೆಲಸಕ್ಕೆ ಹೆಗಲು ಕೊಟ್ಟರು. ಬೀದಿನಾಟಕ ಕಟ್ಟಿದ ಎಡಪಂಥೀಯ ರಂಗಕರ್ಮಿಯೂ ಕಾವಿ ತೊಟ್ಟ ಸ್ವಾಮೀಜಿಯೂ ಒಂದೇ ತಾಲೀಮು ಕೋಣೆಯಲ್ಲಿ ಕೂತು ಚರ್ಚಿಸಿದ್ದರಿಂದಲೇ ಶಿವಸಂಚಾರ ಬರೀ ಮಠದ ಪ್ರಚಾರ ತಂಡವಾಗದೆ ಉಳಿಯಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದಲೇ ಊರೂರು ಸುತ್ತುತ್ತಿತ್ತು. ಮೈಸೂರಿನಲ್ಲಿ 1989ರಲ್ಲಿ ರಂಗಾಯಣ ಬಂದಿತ್ತು. ಮಲೆನಾಡಿಗೆ ಒಂದು, ಮೈಸೂರಿಗೆ ಒಂದು ಎಂದಿದ್ದಾಗ ಮಳೆಗಾಗಿ ಮುಗಿಲು ನೋಡುವ, ರಾಗಿ ತೆಂಗು ನಂಬಿದ ನಮ್ಮ ಬಯಲುಸೀಮೆಯ ಹಳ್ಳಿಯೊಂದರಲ್ಲಿ ಮೂರನೆಯ ರೆಪರ್ಟರಿ ಎದ್ದಿತು.

ಪ್ರತಿವರ್ಷ ಮಳೆಗಾಲದಲ್ಲಿ ಸಂದರ್ಶನ ನಡೆದು ಹೊಸ ತಂಡ ಆಯ್ಕೆಯಾಗುತ್ತದೆ. ಬೀರೂರು–ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಹೆಗಲಿಗೊಂದು ಬ್ಯಾಗು, ಕೈಯಲ್ಲೊಂದು ಹಾಸಿಗೆ ಸುರುಳಿ ಹಿಡಿದು ಇಳಿದು, ಸಾಣೇಹಳ್ಳಿಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳುವ ಹುಡುಗ ಹುಡುಗಿಯರನ್ನು ಕಂಡರೆ ಸುತ್ತಲಿನವರಿಗೆ ಹೇಳದೆಯೇ ಗೊತ್ತಾಗುತ್ತದೆ: ಶಿವಸಂಚಾರದವರು. ಒಬ್ಬರದು ಉತ್ತರ ಕರ್ನಾಟಕದ ಗಡಸು ಮಾತು, ಇನ್ನೊಬ್ಬರದು ಕರಾವಳಿಯ ರಾಗ, ಮತ್ತೊಬ್ಬರದು ಚಾಮರಾಜನಗರದ ಸೊಗಡು. ಎರಡು ಮೂರು ತಿಂಗಳ ತಾಲೀಮಿನಲ್ಲಿ ಮೂರು ನಾಟಕ ಸಿದ್ಧವಾಗಬೇಕು. ಅದರ ಜೊತೆಗೆ, ಯಾರೂ ಪಾಠ ಮಾಡದಿದ್ದರೂ, ಒಟ್ಟಿಗೆ ಬದುಕುವುದನ್ನೂ ಕಲಿಯಬೇಕು. ವಚನಗಾಯನ ಎಲ್ಲರಿಗೂ ಸೇರಿದ್ದು. ಕಸ ಗುಡಿಸುವುದು, ತಟ್ಟೆ ತೊಳೆಯುವುದು, ಉಡುಪಿಗೆ ಇಸ್ತ್ರಿ ಹಾಕುವುದೂ ಎಲ್ಲರಿಗೂ ಸೇರಿದ್ದೇ. ನಿನ್ನೆ ಬಸವಣ್ಣನ ಪಾತ್ರ ಮಾಡಿದವನಿಗೆ ಇಂದು ಟ್ರಂಕು ಹೊರುವುದರಿಂದ ರಿಯಾಯಿತಿ ಇಲ್ಲ. ಬೇರೆ ಬೇರೆ ಜಾತಿ ಧರ್ಮಗಳ ಮನೆಗಳಿಂದ ಬಂದವರು ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕೂರುತ್ತಾರೆ. ಕಾಯಕ, ದಾಸೋಹ ಎಂದು ರಂಗದ ಮೇಲೆ ಹೇಳುವ ಮಾತನ್ನು ಹಗಲು ಹೊತ್ತಿನಲ್ಲಿ ಬದುಕದಿದ್ದರೆ ಆ ಮಾತಿಗೆ ತೂಕ ಎಲ್ಲಿಂದ ಬರಬೇಕು?

ನವೆಂಬರ್ ಮೊದಲ ವಾರದ ನಾಟಕೋತ್ಸವದಲ್ಲಿ ಮೂರೂ ನಾಟಕಗಳು ಮೊದಲ ಬಾರಿಗೆ ಗ್ರೀಕ್ ಮಾದರಿಯ ಬಯಲು ರಂಗಮಂದಿರದಲ್ಲಿ ರಂಗವೇರುತ್ತವೆ. ಅರ್ಧಚಂದ್ರದಂತೆ ಮೇಲೇರುವ ಮೆಟ್ಟಿಲುಗಳಲ್ಲಿ ಸುತ್ತಲ ಹಳ್ಳಿಗಳ ಜನ ಕಂಬಳಿ ಹೊದ್ದು ಕೂರುತ್ತಾರೆ. ಅಲ್ಲಿ ಗೆದ್ದರೆ ಎಲ್ಲಿಯಾದರೂ ಗೆದ್ದಂತೆ, ಏಕೆಂದರೆ ಇಷ್ಟು ವರ್ಷ ನಾಟಕ ನೋಡಿ ಪಳಗಿದ ಆ ರೈತಾಪಿ ಪ್ರೇಕ್ಷಕರು ಸುಲಭಕ್ಕೆ ತಲೆದೂಗುವವರಲ್ಲ.

ಆಮೇಲೆ ಸಂಚಾರ. ಊರಿನ ಹೈಸ್ಕೂಲು ಮೈದಾನಕ್ಕೆ ಬೆಳಿಗ್ಗೆ ವಾಹನ ಬಂದು ನಿಲ್ಲುತ್ತದೆ. ಮೊದಲು ಇಳಿಯುವುದು ಕಬ್ಬಿಣದ ಪೈಪು, ಹಲಗೆ, ಕಪ್ಪು ಪರದೆ. ನಂತರ ಬೆಳಕಿನ ಪೆಟ್ಟಿಗೆಗಳು, ಕೊನೆಗೆ ಉಡುಪಿನ ಟ್ರಂಕುಗಳು. ಒಬ್ಬ ಕಂಬ ಹತ್ತಿ ಸ್ಪಾಟ್‌ಲೈಟ್ ಬಿಗಿಯುತ್ತಿದ್ದರೆ ಕೆಳಗೊಬ್ಬಳು ವೈರು ಸುತ್ತಿಕೊಡುತ್ತಾಳೆ. ಮಧ್ಯಾಹ್ನ ಶಾಲೆಯ ಕೋಣೆಯಲ್ಲೋ ಕಲ್ಯಾಣ ಮಂಟಪದಲ್ಲೋ ಜಮಖಾನೆ ಹಾಸಿ ಒಂದು ಜೋಂಪು. ಸಂಜೆ ಐದಕ್ಕೆ ಬೆಂಚಿನ ಮೇಲೆ ಕನ್ನಡಿ ಒರಗಿಸಿಕೊಂಡು, ಬಣ್ಣದ ಡಬ್ಬಿ ಕೈಯಿಂದ ಕೈಗೆ ದಾಟಿಸುತ್ತಾ, ಒಬ್ಬರ ಗಡ್ಡವನ್ನು ಇನ್ನೊಬ್ಬರು ಅಂಟಿಸುತ್ತಾರೆ. ಕಿಟಕಿಯಲ್ಲಿ ಮಕ್ಕಳ ಸಾಲು. ನಾಟಕ ಮುಗಿದು ಜನ ಕರಗಿದ ಮೇಲೆ, ಬಣ್ಣ ಅರ್ಧ ಒರೆಸಿದ ಮುಖದಲ್ಲೇ ಹಲಗೆ ಬಿಚ್ಚುವ ಕೆಲಸ. ಊಟಕ್ಕೆ ಕೂರುವಾಗ ಹನ್ನೊಂದು ದಾಟಿರುತ್ತದೆ. ಮೂರು ದಿನ ಮೂರು ನಾಟಕ, ನಾಲ್ಕನೆಯ ದಿನ ಮುಂದಿನ ಊರು. ಬೇಸಿಗೆಯವರೆಗೆ ಇದೇ ದಿನಚರಿ.

ಈ ಬದುಕಿನ ಬೆಲೆ ತಿಳಿಯಬೇಕಾದರೆ ಹಳೆಯ ಕಂಪನಿ ನಾಟಕದ ದಿನಗಳನ್ನು ನೆನೆಯಬೇಕು. ಕಂಪನಿ ಕ್ಯಾಂಪ್ ಮಾಡಿದ ಊರುಗಳಲ್ಲಿ ನಟಿಯರಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತಿದ್ದ ಕಾಲವೊಂದಿತ್ತು. ರಾತ್ರಿ ಅವರ ಪಾತ್ರಕ್ಕೆ ಕಣ್ಣೀರಿಟ್ಟವರೇ ಹಗಲು ಅವರನ್ನು ಕಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಳ್ಳಿಯ ಮನೆಯೊಂದು ತನ್ನ ಮಗಳನ್ನು ತಿಂಗಳುಗಟ್ಟಲೆ ನಾಟಕದ ತಂಡದೊಂದಿಗೆ ಊರೂರು ಕಳಿಸುವುದು ಎಂದರೆ ಆ ಮನೆಯ ಮಟ್ಟಿಗೆ ದೊಡ್ಡ ತೀರ್ಮಾನ. ಅಪ್ಪ ಅಮ್ಮ ಒಮ್ಮೆ ಸಾಣೇಹಳ್ಳಿಗೆ ಬಂದು, ಮಲಗುವ ಜಾಗ, ಊಟದ ಮನೆ ನೋಡಿ, ಸ್ವಾಮೀಜಿಯವರ ಹತ್ತಿರ ಎರಡು ಮಾತಾಡಿ, ಒಪ್ಪಿ ಹೋಗುತ್ತಾರೆ. ಮುಂದೆ ತಮ್ಮ ಜಿಲ್ಲೆಗೇ ಶಿವಸಂಚಾರ ಬಂದಾಗ ನೆಂಟರಿಷ್ಟರನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನನ್ನ ಪಾಲಿಗೆ ಶಿವಸಂಚಾರದ ದೊಡ್ಡ ಸಾಧನೆ ಇದೇ. ಪ್ರಶಸ್ತಿಗಳು ಆಮೇಲೆ.

ಮನೆಯೆಂದ ಮೇಲೆ ಶುಭಾಶುಭಗಳೂ ಇರುತ್ತವೆ. ತಂಡದಲ್ಲಿ ಜೊತೆಯಾಗಿ ಮದುವೆಯಾದವರಿದ್ದಾರೆ. ಸಂಚಾರದ ನಡುವೆ ಮನೆಯಿಂದ ಸಾವಿನ ಸುದ್ದಿ ಬಂದು ರಾತ್ರೋರಾತ್ರಿ ಹೊರಟವರಿದ್ದಾರೆ; ಅಂಥ ದಿನ ಅವರ ಮಾತುಗಳನ್ನು ಸಂಜೆಯೊಳಗೆ ಬಾಯಿಪಾಠ ಮಾಡಿ ನಾಟಕ ನಿಲ್ಲದಂತೆ ನೋಡಿಕೊಂಡ ಜೊತೆಗಾರರಿದ್ದಾರೆ. ಇಲ್ಲಿಂದ ಹೋದವರು ಧಾರಾವಾಹಿ, ಸಿನಿಮಾ ಸೇರಿದ್ದಾರೆ, ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದಾರೆ, ಊರಲ್ಲಿ ತಮ್ಮದೇ ತಂಡ ಕಟ್ಟಿದ್ದಾರೆ. ಹೊಲಕ್ಕೆ ಮರಳಿದವರೂ ಇದ್ದಾರೆ. ಅವರ ಸುದ್ದಿಯೂ ನಮಗೆ ಅಷ್ಟೇ ಮುಖ್ಯ.

2008ರಲ್ಲಿ ಶಿವಕುಮಾರ ರಂಗಪ್ರಯೋಗ ಶಾಲೆ ಆರಂಭವಾದ ಮೇಲೆ ಮನೆ ಇನ್ನೂ ದೊಡ್ಡದಾಯಿತು. ರೆಪರ್ಟರಿಯವರು ಸಂಚಾರ ಹೊರಟರೂ ವಿದ್ಯಾರ್ಥಿಗಳ ತಾಲೀಮಿನ ಸದ್ದು ಆವರಣದಲ್ಲಿ ಉಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಶರಣರ ವಿಚಾರ ಸಾರುವ ‘ಮತ್ತೆ ಕಲ್ಯಾಣ’ ಅಭಿಯಾನ ತಿಂಗಳಿಡೀ ನಾಡನ್ನು ಸುತ್ತಿದಾಗ ಕಲಾವಿದರೂ ಜೊತೆಗಿದ್ದರು. ಮರುವರ್ಷದ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ನಾಡಿನ ಎಲ್ಲ ತಿರುಗಾಟಗಳೂ ಇದ್ದಲ್ಲೇ ನಿಂತವು. ಪ್ರದರ್ಶನವನ್ನೇ ನೆಚ್ಚಿದ ಕಲಾವಿದರಿಗೆ ಅದೆಂಥ ಕಷ್ಟದ ಕಾಲವೆಂಬುದನ್ನು ರಂಗಭೂಮಿಯವರು ಯಾರೂ ಮರೆತಿಲ್ಲ.

ಇಷ್ಟೆಲ್ಲ ಬರೆಯುವಾಗ ಒಂದು ಕೊರತೆ ಕಾಡುತ್ತದೆ. ಕರಪತ್ರಗಳಲ್ಲಿ ನಾಟಕಕಾರರ, ನಿರ್ದೇಶಕರ ಹೆಸರುಗಳು ಉಳಿದಿವೆ. ವರ್ಷಕ್ಕೊಂದು ತಂಡದಂತೆ ಬಂದುಹೋದ ಕಲಾವಿದರ, ಅವರಿಗೆ ಬಡಿಸಿದ ಅಡುಗೆಯವರ, ರಾತ್ರಿಯಿಡೀ ವಾಹನ ಓಡಿಸಿದ ಚಾಲಕರ ಸಮಗ್ರ ಪಟ್ಟಿಯೊಂದು ಪುಸ್ತಕವಾಗಿ ಬರಬೇಕು. ನೆನಪಿರುವವರು ಇರುವಾಗಲೇ ಇದು ಆಗಬೇಕು.

ಆದ್ದರಿಂದ ಈ ಸಂಚಿಕೆ ಕೈಸೇರಿದ ಹಳೆಯ ಶಿವಸಂಚಾರಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರು, ತಂಡದಲ್ಲಿದ್ದ ವರ್ಷ, ಮಾಡಿದ ಪಾತ್ರ, ಈಗ ಹಿಡಿದಿರುವ ಕೆಲಸ, ಮನೆಯ ಶುಭಸುದ್ದಿ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಾಣೇಹಳ್ಳಿಯ ಕಲಾಸಂಘಕ್ಕೆ ಕಳಿಸಿ. ನಿಮ್ಮ ಜೊತೆ ಇದ್ದು ಈಗ ಇಲ್ಲವಾದವರ ಹೆಸರನ್ನೂ ಬರೆಯಿರಿ. ಹಳೆಯ ಫೋಟೋ ಇದ್ದರೆ ಅದರ ಬೆನ್ನಿಗೆ, ಎಡದಿಂದ ಬಲಕ್ಕೆ, ಯಾರು ಯಾರೆಂದು ಗುರುತು ಹಾಕಿ ಜೊತೆಗಿಡಿ.