ಕಾರಿನ ಬಣ್ಣಕ್ಕೆ ಮೆತ್ತಿದ ಸಿಲಿಕೋನ್: ಹೊಳಪು ಕೆಡದಂತೆ ತೆಗೆಯುವ ಬಗೆ

ಮಳೆಗಾಲ ಸಮೀಪಿಸುತ್ತಿದ್ದಂತೆ ಕಾರಿನ ಛಾವಣಿಯ ಸಂದು, ಹಿಂಬದಿ ದೀಪದ ಅಂಚು, ಡಿಕ್ಕಿಯ ಬೀಡಿಂಗ್ ಮುಂತಾದೆಡೆ ನೀರು ಸೋರದಂತೆ ಸಿಲಿಕೋನ್ ಸೀಲೆಂಟ್ ಹಚ್ಚಿಸುವುದು ಸಾಮಾನ್ಯ ಸಂಗತಿ. ಹಚ್ಚುವಾಗ ಕೈತಪ್ಪಿ ಬಣ್ಣದ ಮೇಲೆ ಮೆತ್ತಿಕೊಳ್ಳುವುದೂ ಅಷ್ಟೇ ಸಾಮಾನ್ಯ. ವಸತಿ ಸಮುಚ್ಚಯಗಳಲ್ಲಿ ಕಿಟಕಿಯ ಗಾಜು ಕೂರಿಸುವಾಗ ಮೇಲಿನಿಂದ ಬಿದ್ದ ಸಿಲಿಕೋನ್ ಕೆಳಗೆ ನಿಲ್ಲಿಸಿದ ಕಾರಿನ ಬಾನೆಟ್ ಮೇಲೆ ಗಟ್ಟಿಯಾಗಿ ಕುಳಿತಿರುವುದನ್ನೂ ಕಾಣಬಹುದು. ಇಂತಹ ಕಲೆಯಿಂದ ಬಣ್ಣಕ್ಕೆ ಆಗುವ ಹಾನಿ ಅತ್ಯಲ್ಪ. ಅದನ್ನು ಕಿತ್ತುಹಾಕುವ ಅವಸರದಲ್ಲಿ ಬ್ಲೇಡು, ಉಪ್ಪುಕಾಗದ, ಥಿನ್ನರ್‌ಗಳಿಂದ ಆಗುವ ಹಾನಿಯೇ ಹೆಚ್ಚು. ಒಂದು ಬಾನೆಟ್‌ಗೆ ಮತ್ತೆ ಬಣ್ಣ ಹೊಡೆಸುವ ಖರ್ಚು ಸಾವಿರಾರು ರೂಪಾಯಿಗಳಲ್ಲಿ ಇರುತ್ತದೆ; ಹೊಸ ಬಣ್ಣ ಹಳೆಯದರೊಂದಿಗೆ ಪೂರ್ಣ ಹೊಂದಿಕೆಯಾಗುವ ಖಾತರಿಯೂ ಇಲ್ಲ.

ಬಣ್ಣದ ಪದರ ಎಷ್ಟು ದಪ್ಪ?

ಇಂದಿನ ಬಹುತೇಕ ಕಾರುಗಳ ಲೋಹದ ಮೇಲೆ ನಾಲ್ಕು ಪದರಗಳಿರುತ್ತವೆ. ತುಕ್ಕು ತಡೆಯುವ ತಳಪದರ, ಅದರ ಮೇಲೆ ಪ್ರೈಮರ್, ನಂತರ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಕಾರ್ಖಾನೆಯಲ್ಲಿ ಲೇಪಿಸಿದ ಈ ನಾಲ್ಕೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಕಣ್ಣಿಗೆ ಕಾಣುವ ಹೊಳಪೆಲ್ಲ ಇರುವುದು ಮೇಲಿನ ಕ್ಲಿಯರ್ ಕೋಟ್‌ನಲ್ಲಿ. ಅದರ ದಪ್ಪ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಉಕ್ಕಿನ ಬ್ಲೇಡ್ ಒಮ್ಮೆ ಓರೆಯಾಗಿ ತಾಗಿದರೆ ಈ ಪದರ ಹರಿದುಹೋಗಲು ಸಾಕು.

ಹಳೆಯ ಕಾರುಗಳ ವಿಚಾರ ಸ್ವಲ್ಪ ಬೇರೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, ಮಾರುತಿ 800ರಂತಹ ವಾಹನಗಳಲ್ಲಿ ಕ್ಲಿಯರ್ ಕೋಟ್ ಇಲ್ಲದ ಏಕಪದರದ ಬಣ್ಣ ಇರಬಹುದು. ಬಿಳಿ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಮೆಲ್ಲನೆ ಉಜ್ಜಿದಾಗ ಕಾರಿನ ಬಣ್ಣವೇ ಬಟ್ಟೆಗೆ ಇಳಿದರೆ ಕ್ಲಿಯರ್ ಕೋಟ್ ಇಲ್ಲವೆಂದು ತಿಳಿಯಬಹುದು. ಅಂತಹ ಕಾರುಗಳಲ್ಲಿ ದ್ರಾವಕದ ಬಳಕೆಗೆ ಇಮ್ಮಡಿ ಎಚ್ಚರ ಬೇಕು.

ಕರಗದ ವಸ್ತು

ಸಿಲಿಕೋನ್‌ನ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದರಂತೆ ಹೆಣೆದುಕೊಂಡ ಸರಪಳಿ. ಟ್ಯೂಬಿನಿಂದ ಹೊರಬಂದ ಸೀಲೆಂಟ್ ಗಾಳಿಯ ತೇವಾಂಶದೊಡನೆ ಸೇರಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಅರ್ಧ ಗಂಟೆಯೊಳಗೆ ಮೇಲೆ ಪೊರೆ ಕಟ್ಟುತ್ತದೆ. ದಿನವೊಂದಕ್ಕೆ ಎರಡು-ಮೂರು ಮಿಲಿಮೀಟರ್ ಆಳದವರೆಗೆ ಒಣಗುತ್ತದೆ. ಒಮ್ಮೆ ಹೀಗೆ ಗಟ್ಟಿಯಾದ ಸಿಲಿಕೋನ್ ನೀರು, ಸಾಬೂನು, ಆಲ್ಕೋಹಾಲ್ ಯಾವುದರಲ್ಲಿಯೂ ಕರಗುವುದಿಲ್ಲ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ತಾಳಿಕೊಳ್ಳುತ್ತದೆ. ಆದ್ದರಿಂದ ಅದನ್ನು ಕಾಯಿಸಿ ಕರಗಿಸುವ ಯತ್ನದಲ್ಲಿ ಮೊದಲು ಹಾಳಾಗುವುದು ಬಣ್ಣವೇ.

ಆದರೆ ಸಿಲಿಕೋನ್‌ಗೆ ಒಂದು ದೌರ್ಬಲ್ಯವಿದೆ. ಮಿನರಲ್ ಟರ್ಪೆಂಟೈನ್‌ನಂತಹ ಪೆಟ್ರೋಲಿಯಂ ಮೂಲದ ದ್ರಾವಕಗಳನ್ನು ಹೀರಿ ಅದು ಉಬ್ಬುತ್ತದೆ. ಉಬ್ಬಿದಾಗ ಮೆತ್ತಗಾಗಿ ಹಿಡಿತ ಸಡಿಲಿಸುತ್ತದೆ. ಜತೆಗೆ ನಯವಾದ, ಮೇಣ ಹಚ್ಚಿದ ಬಣ್ಣದ ಮೇಲೆ ಅದರ ಅಂಟು ಗಾಜಿನ ಮೇಲಿನಷ್ಟು ಬಲವಾಗಿರುವುದಿಲ್ಲ. ಮುಂದೆ ಹೇಳುವ ವಿಧಾನಗಳೆಲ್ಲ ಈ ಎರಡು ಗುಣಗಳನ್ನೇ ನೆಚ್ಚಿಕೊಂಡಿವೆ.

ಮೊದಲು ಗುರುತಿಸಬೇಕಾದದ್ದು

ಕಾರಿಗೆ ಅಂಟಿದ್ದೆಲ್ಲ ಸಿಲಿಕೋನ್ ಅಲ್ಲ. ಉಗುರಿನಿಂದ ಒತ್ತಿದರೆ ತಗ್ಗಿ ಮತ್ತೆ ಪುಟಿದೇಳುವುದು ಸಿಲಿಕೋನ್. ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದು ಎಂ-ಸೀಲ್‌ನಂತಹ ಎಪಾಕ್ಸಿ ಇರಬಹುದು. ಅದಕ್ಕೆ ಈ ವಿಧಾನ ಫಲಿಸದು. ಜಿಗುಟಾಗಿ ಎಳೆ ಎಳೆಯಾಗಿ ಬರುವುದು ಬ್ಯೂಟೈಲ್. ಅದು ಬಿಸಿಗೆ ಸುಲಭವಾಗಿ ಮೆತ್ತಗಾಗುತ್ತದೆ. ಮುಂಭಾಗದ ಗಾಜಿನ ಸುತ್ತ ಇರುವ ಕಪ್ಪು ಅಂಟು ಸಾಮಾನ್ಯವಾಗಿ ಪಾಲಿಯುರಿಥೇನ್. ಅಪಘಾತದ ಸಂದರ್ಭದಲ್ಲಿ ಗಾಜನ್ನು ಹಿಡಿದಿಡುವುದು ಅದೇ ಆದ್ದರಿಂದ ಅದನ್ನು ಕೆರೆಯುವ, ಕತ್ತರಿಸುವ ಗೋಜಿಗೆ ಹೋಗಲೇಬಾರದು.

ಹಸಿಯಾಗಿದ್ದಾಗ

ಸೀಲೆಂಟ್ ಈಗಷ್ಟೇ ಬಿದ್ದಿದ್ದರೆ ಬಟ್ಟೆಯಿಂದ ಒರೆಸುವುದು ಸಹಜವಾಗಿ ಹೊಳೆಯುವ ಉಪಾಯ. ಆದರೆ ದೊಡ್ಡ ತೊಂದರೆ ಶುರುವಾಗುವುದೇ ಅಲ್ಲಿ. ಒರೆಸಿದಷ್ಟೂ ಸಿಲಿಕೋನ್ ತೆಳುವಾಗಿ ಹರಡುತ್ತದೆ. ದಪ್ಪ ಉಂಡೆಯನ್ನು ಕೀಳುವುದಕ್ಕಿಂತ ತೆಳು ಪೊರೆಯನ್ನು ತೆಗೆಯುವುದು ಹಲವು ಪಟ್ಟು ಕಷ್ಟ. ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಒಂದೇ ದಿಕ್ಕಿನಲ್ಲಿ ಗೋರಿ ಎತ್ತಬೇಕು, ಪ್ರತಿ ಬಾರಿಯೂ ಅಂಚನ್ನು ಒರೆಸಿಕೊಳ್ಳಬೇಕು. ಉಳಿದ ಅಂಶವನ್ನು ಟರ್ಪೆಂಟೈನ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ, ಪ್ರತಿ ಸಲವೂ ಬಟ್ಟೆಯ ಹೊಸ ಮಗ್ಗುಲನ್ನು ಬಳಸಿ ತೆಗೆಯಬಹುದು. ಪೊರೆ ಕಟ್ಟಲಾರಂಭಿಸಿದ್ದರೆ ಕೈ ಹಾಕದೆ ಒಂದೆರಡು ದಿನ ಪೂರ್ತಿ ಒಣಗಲು ಬಿಡುವುದೇ ಲೇಸು.

ಗಟ್ಟಿಯಾದ ಮೇಲೆ

ಮೊದಲು ಆ ಭಾಗವನ್ನು ಕಾರ್ ಶಾಂಪೂ ಹಾಕಿ ತೊಳೆದು ಒಣಗಿಸಬೇಕು. ಇದನ್ನು ಅನೇಕರು ಬಿಟ್ಟುಬಿಡುತ್ತಾರೆ. ನಮ್ಮ ರಸ್ತೆಗಳ ಧೂಳಿನಲ್ಲಿರುವ ಮರಳಿನ ಕಣಗಳು ಬಟ್ಟೆಯಡಿ ಸಿಕ್ಕಿದರೆ ಉಪ್ಪುಕಾಗದದ ಕೆಲಸವನ್ನೇ ಮಾಡುತ್ತವೆ. ಕಾರು ನೆರಳಿನಲ್ಲಿರಬೇಕು, ಬಿಸಿಲಿಗೆ ಕಾದ ಲೋಹದ ಮೇಲೆ ದ್ರಾವಕ ಕ್ಷಣದಲ್ಲಿ ಆರಿಹೋಗುತ್ತದೆ.

ದಪ್ಪ ಗೆರೆಯಂತೆ ಮೆತ್ತಿದ್ದರೆ ಹೇರ್ ಡ್ರೈಯರ್‌ನಿಂದ ಒಂದೆರಡು ನಿಮಿಷ ಬೆಚ್ಚಗೆ ಮಾಡಬಹುದು. ಕೈ ಇಟ್ಟರೆ ತಾಳಿಕೊಳ್ಳುವಷ್ಟು ಬಿಸಿ ಸಾಕು. ಇದು ಸಿಲಿಕೋನನ್ನು ಕರಗಿಸುವುದಿಲ್ಲ, ಅಂಚು ಏಳಲು ತುಸು ನೆರವಾಗುತ್ತದೆ ಅಷ್ಟೆ. ಗ್ಯಾರೇಜುಗಳಲ್ಲಿ ಬಳಸುವ ಹೀಟ್ ಗನ್ ನೂರಾರು ಡಿಗ್ರಿ ಶಾಖ ಉಗುಳುವುದರಿಂದ ಬಣ್ಣ ಗುಳ್ಳೆ ಏಳಬಹುದು, ಪ್ಲಾಸ್ಟಿಕ್ ಬಂಪರ್ ಸೊಟ್ಟಗಾಗಬಹುದು. ಬೆಚ್ಚಗಾದ ಬಳಿಕ ಪ್ಲಾಸ್ಟಿಕ್ ಬ್ಲೇಡ್ ಅಥವಾ ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಒಂದು ತುದಿ ಎಬ್ಬಿಸಿ, ಬೆರಳಲ್ಲಿ ಹಿಡಿದು ನಿಧಾನವಾಗಿ ಹಿಂದಕ್ಕೆ ಮಡಿಸಿ ಎಳೆಯಬೇಕು. ಅದೃಷ್ಟವಿದ್ದರೆ ಉದ್ದದ ಪಟ್ಟಿಯೇ ಕಿತ್ತು ಬರುತ್ತದೆ. ಉಬ್ಬಾಗಿ ಕುಳಿತ ಉಂಡೆಯ ಕೆಳಗೆ ಹಲ್ಲಿನ ಸಂದು ಶುಚಿಗೊಳಿಸುವ ದಾರವನ್ನು ಗರಗಸದಂತೆ ಆಡಿಸಿದರೂ ಅದು ಬೇರ್ಪಡುತ್ತದೆ.

ಹೀಗೆ ಮುಕ್ಕಾಲು ಪಾಲು ಹೋದ ಮೇಲೆ ಉಳಿಯುವುದು ರಬ್ಬರಿನ ತೆಳು ಪೊರೆ. ಟರ್ಪೆಂಟೈನ್‌ನಲ್ಲಿ ನೆನೆಸಿದ ಹತ್ತಿಯ ಬಟ್ಟೆಯ ತುಂಡನ್ನು ಅದರ ಮೇಲೆ ಐದರಿಂದ ಹತ್ತು ನಿಮಿಷ ಇಟ್ಟರೆ ಪೊರೆ ಉಬ್ಬುತ್ತದೆ. ಆಗ ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ಉರುಳಿಸುವಂತೆ ಒತ್ತಿದರೆ ಸಣ್ಣ ಸಣ್ಣ ಸುರುಳಿಗಳಾಗಿ ಎದ್ದುಬರುತ್ತದೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ನಾಲ್ಕೈದು ಬಾರಿ ಮಾಡಬೇಕಾದೀತು. ಬಲ ಹೆಚ್ಚಿಸುವ ಬದಲು ಸರದಿ ಹೆಚ್ಚಿಸುವುದು ಕ್ಷೇಮ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಟರ್ಪೆಂಟೈನ್‌ನ ಜಿಡ್ಡನ್ನು ಒರೆಸಿ, ಮತ್ತೊಮ್ಮೆ ಶಾಂಪೂ ಹಾಕಿ ತೊಳೆಯಬೇಕು.

ಯಾವುದೇ ದ್ರಾವಕವನ್ನು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ, ಉದಾಹರಣೆಗೆ ಬಾಗಿಲಿನ ಒಳ ಅಂಚಿನಲ್ಲಿ, ಪರೀಕ್ಷಿಸಬೇಕು. ಮಂಕಾದರೆ, ಅಂಟಂಟಾದರೆ ಅಥವಾ ಬಟ್ಟೆಗೆ ಬಣ್ಣ ಇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಆದರೆ ಬಾಗಿಲಿನ ಒಳ ಅಂಚಿನಲ್ಲಿರುವುದು ಕಾರ್ಖಾನೆಯ ಬಣ್ಣ. ಬಂಪರ್‌ಗೆ ಗ್ಯಾರೇಜಿನಲ್ಲಿ ಮರುಬಣ್ಣ ಮಾಡಿಸಿದ್ದರೆ ಪರೀಕ್ಷೆಯೂ ಬಂಪರಿನ ಮೇಲೆಯೇ ಆಗಬೇಕು. ಮರುಬಣ್ಣ ಕಾರ್ಖಾನೆಯ ಬಣ್ಣದಷ್ಟು ಗಡುಸಾಗಿರುವುದಿಲ್ಲ.

ಹತ್ತಿರ ಸುಳಿಯಬಾರದವು

ಎನ್‌ಸಿ ಥಿನ್ನರ್ ಹಾಗೂ ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಸಿಲಿಕೋನನ್ನು ಕರಗಿಸುವುದಿಲ್ಲ, ಆದರೆ ಮರುಬಣ್ಣವನ್ನು ಮೆತ್ತಗಾಗಿಸಿ ಸುಕ್ಕುಗಟ್ಟಿಸಬಲ್ಲವು. ದೀಪಗಳ ಮೇಲಿನ ಪಾಲಿಕಾರ್ಬೊನೇಟ್ ಹೊದಿಕೆಗೆ ಅಸಿಟೋನ್ ತಾಗಿದರೆ ಅದು ಮಂಜಾಗುತ್ತದೆ, ಬಿರುಕೂ ಬಿಡಬಹುದು. ಅಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಬೆರಳ ತುದಿ ಎರಡೇ ಸಾಕು. ಮೆಕ್ಯಾನಿಕ್‌ಗಳಿಗೆ ಪ್ರಿಯವಾದ ಪೆಟ್ರೋಲ್ ಇಲ್ಲಿ ಬೇಡವೇ ಬೇಡ; ಅದರ ಆವಿ ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಟರ್ಪೆಂಟೈನ್ ಕೂಡ ಉರಿಯುವ ದ್ರವವೇ. ಅದು ಹಸಿಯಿರುವಾಗ ಹೇರ್ ಡ್ರೈಯರ್ ಹಿಡಿಯುವುದು ಅಪಾಯಕಾರಿ. ಶಾಖದ ಕೆಲಸ ಮುಗಿಸಿದ ನಂತರವೇ ದ್ರಾವಕದ ಡಬ್ಬಿ ತೆರೆಯಬೇಕು. ಗಾಳಿಯಾಡುವ ಜಾಗ ಹಾಗೂ ಕೈಗವಸು ಕಡ್ಡಾಯ.

ಅಂಗಡಿಗಳಲ್ಲಿ ಸಿಗುವ ‘ಸಿಲಿಕೋನ್ ರಿಮೂವರ್’ ಎಂಬ ಹೆಸರೇ ಗೊಂದಲಕ್ಕೆ ಕಾರಣ. ಸ್ನಾನದ ಮನೆಯ ಟೈಲ್ಸ್‌ಗೆಂದು ತಯಾರಿಸಿದ ಕೆಲವು ರಿಮೂವರ್‌ಗಳಲ್ಲಿ ಸಿಲಿಕೋನ್ ಸರಪಳಿಯನ್ನೇ ಕಡಿಯುವ ಪ್ರಬಲ ಆಮ್ಲವಿರುತ್ತದೆ. ಅದು ಕಾರಿನ ಹೊಳಪನ್ನೂ ತಿನ್ನಬಹುದು. ಬಣ್ಣದ ಅಂಗಡಿಗಳಲ್ಲಿ ‘ವ್ಯಾಕ್ಸ್ ಆ್ಯಂಡ್ ಗ್ರೀಸ್ ರಿಮೂವರ್’ ಎಂದು ಮಾರುವುದು ಪೆಟ್ರೋಲಿಯಂ ಮೂಲದ ಸೌಮ್ಯ ದ್ರಾವಕ. ಕಾರಿಗೆ ಸಲ್ಲುವುದು ಇದು. ಡಬ್ಬಿಯ ಮೇಲೆ ವಾಹನದ ಬಣ್ಣಕ್ಕೆ ಸುರಕ್ಷಿತ ಎಂದು ಬರೆದಿದೆಯೇ ಎಂಬುದನ್ನು ಓದಿಯೇ ಕೊಳ್ಳಬೇಕು.

ಹೋದಂತೆ ಕಂಡರೂ

ಕಣ್ಣಿಗೆ ಕಾಣದ ಅಂಶ ಉಳಿದಿದೆಯೇ ಎಂಬುದನ್ನು ನೀರಿನಿಂದ ಪರೀಕ್ಷಿಸಬಹುದು. ಆ ಭಾಗವನ್ನೆಲ್ಲ ಆಲ್ಕೋಹಾಲ್‌ನಿಂದ ಒರೆಸಿ ನೀರು ಚಿಮುಕಿಸಿದಾಗ ಶುದ್ಧವಾದ ಮೇಲ್ಮೈಯಲ್ಲಿ ನೀರು ಹಾಸಿಕೊಂಡಂತೆ ಹರಡುತ್ತದೆ. ಸಿಲಿಕೋನ್ ಉಳಿದೆಡೆ ಹನಿ ಹನಿಯಾಗಿ ನಿಲ್ಲುತ್ತದೆ. ಕೆಲವೊಮ್ಮೆ ಎಲ್ಲ ಹೋದ ಮೇಲೂ ಕಲೆಯ ಆಕಾರದ ನೆರಳೊಂದು ಕಾಣುತ್ತದೆ. ಅದು ಸಿಲಿಕೋನ್ ಆಗಿರಲಿಕ್ಕಿಲ್ಲ. ವರ್ಷಗಟ್ಟಲೆ ಸೀಲೆಂಟ್‌ನಡಿ ಮುಚ್ಚಿದ್ದ ಬಣ್ಣ ಬಿಸಿಲಿಗೆ ಮಾಸದೆ ಉಳಿದು, ಸುತ್ತಲಿನದು ಮಾಸಿರುವುದರಿಂದ ಆ ವ್ಯತ್ಯಾಸ ಕಾಣುತ್ತದೆ. ಅಲ್ಲಿ ಮತ್ತೆ ಮತ್ತೆ ಉಜ್ಜಿ ಪ್ರಯೋಜನವಿಲ್ಲ. ಸುತ್ತಲಿನ ಭಾಗಕ್ಕೆ ನವುರಾದ ಪಾಲಿಶ್ ಹಚ್ಚಿದರೆ ಅಂತರ ಕಡಿಮೆಯಾಗುತ್ತದೆ. ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನು ತುಸು ಸವೆಸುವುದೇ ಆದ್ದರಿಂದ ಕೈಯಿಂದ, ಮಿತವಾಗಿ ಮಾಡಬೇಕು. ಬಾನೆಟ್‌ನ ಏಣು ಮತ್ತು ಅಂಚುಗಳಲ್ಲಿ ಪದರ ಬೇಗ ಸವೆಯುವುದರಿಂದ ಅಲ್ಲಿ ಯಂತ್ರ ಬಳಸಬಾರದು. ಮ್ಯಾಟ್ ಬಣ್ಣದ ಕಾರುಗಳಿಗೆ ಪಾಲಿಶ್ ನಿಷಿದ್ಧ. ಉಜ್ಜಿದ ಜಾಗ ಹೊಳೆಯತೊಡಗಿದರೆ ಹಿಂದಿನಂತೆ ಮಾಡಲು ಬರುವುದಿಲ್ಲ.

ಆ ಭಾಗಕ್ಕೆ ಮುಂದೆ ಬಣ್ಣ ಹೊಡೆಸುವುದಿದ್ದರೆ ಸಿಲಿಕೋನ್ ಇತ್ತೆಂಬುದನ್ನು ಪೇಂಟರ್‌ಗೆ ಮೊದಲೇ ತಿಳಿಸಬೇಕು. ಎಳ್ಳಷ್ಟು ಅಂಶ ಉಳಿದಿದ್ದರೂ ಹಸಿ ಬಣ್ಣ ಅಲ್ಲಿಂದ ಸರಿದು ಮೀನಿನ ಕಣ್ಣಿನಂತಹ ಗುಂಡು ಗುಳಿಗಳು ಮೂಡುತ್ತವೆ. ಪೇಂಟರ್‌ಗಳು ‘ಫಿಶ್ ಐ’ ಎನ್ನುವುದು ಇದಕ್ಕೆ. ಇದು ಕಾಣಿಸಿದರೆ ಹಲವು ಬಾರಿ ಹೊಡೆದ ಬಣ್ಣವನ್ನೆಲ್ಲ ಕೆರೆದು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಸೀಲೆಂಟ್ ಹಚ್ಚುವಾಗ ಹುಳಿಯಾದ ವಿನೆಗರ್ ವಾಸನೆ ಬಂದಿದ್ದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಂತಹ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಒಳ್ಳೆಯ ಬಣ್ಣಕ್ಕೆ ಅದರಿಂದ ಹೆಚ್ಚೇನೂ ಆಗದು. ಗೀರು ಬಿದ್ದು ಲೋಹ ಬಯಲಾದ ಕಡೆ ಮಾತ್ರ ಅದು ತುಕ್ಕಿಗೆ ದಾರಿ ಮಾಡಬಲ್ಲದು. ಸೀಲೆಂಟ್ ಕಿತ್ತ ಜಾಗದಲ್ಲಿ ಕಂದು ಚುಕ್ಕೆ ಕಂಡರೆ ಮೇಣ ಹಚ್ಚಿ ಮುಚ್ಚದೆ, ತುಕ್ಕನ್ನು ತೆಗೆಸಿ ಪ್ರೈಮರ್ ಹಾಕಿಸಬೇಕು. ಸೋರಿಕೆ ತಡೆಯಲು ಮತ್ತೆ ಸೀಲೆಂಟ್ ಹಚ್ಚುವುದಾದರೆ ‘ನ್ಯೂಟ್ರಲ್ ಕ್ಯೂರ್’ ಎಂದು ನಮೂದಿಸಿದ, ಆಮ್ಲ ಬಿಡದ ಬಗೆಯನ್ನು ಆರಿಸಿಕೊಂಡು, ಸಂದಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಪೊರೆ ಕಟ್ಟುವ ಮೊದಲೇ ಆ ಟೇಪನ್ನು ಕೀಳಬೇಕು.