ಮಹಾವೀರಾಚಾರ್ಯನ ಕಂಠಿಕೆ

ಇತಿಹಾಸವೆಂದೊಡನೆ ನಮ್ಮ ಮನಸ್ಸು ಶಾಸನ, ನಾಣ್ಯ, ದೇವಾಲಯಗಳ ಕಡೆಗೆ ಹರಿಯುವುದು. ಒಂದು ಸಂಖ್ಯೆಯೂ ಇತಿಹಾಸಕ್ಕೆ ಸಾಕ್ಷಿಯಾಗಬಲ್ಲುದೆಂಬುದನ್ನು ಈ ಹೊತ್ತು ತಮ್ಮ ಮುಂದಿಡಬಯಸುತ್ತೇನೆ. ಶ್ರೋತೃಗಳು ದಯವಿಟ್ಟು ಕಾಗದದ ಮೇಲೆ ಹನ್ನೊಂದು ಅಂಕೆಗಳನ್ನು ಬರೆದುಕೊಳ್ಳಬೇಕು. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯಬೇಕು: ೧೨೩೪೫೬೫೪೩೨೧.

ಈ ಸಂಖ್ಯೆ ದೊರೆಯುವುದು ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ. ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. ೮೫೦ರಲ್ಲಿ, ಈ ಜೈನ ಪಂಡಿತನು ಅದನ್ನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದನು. ಗ್ರಂಥದ ಆದಿಯಲ್ಲಿ ದೊರೆಯನ್ನು ಸ್ತುತಿಸಿದನು. ಕನ್ನಡಿಗರಿಗೆ ‘ಕವಿರಾಜಮಾರ್ಗ’ವನ್ನಿತ್ತುದೂ ಅದೇ ಆಸ್ಥಾನ.

ಗುಣಾಕಾರದ ಪಾಠದಲ್ಲಿ ಆಚಾರ್ಯನು ೨೭೯೯೪೬೮೧ನ್ನು ೪೪೧ರಿಂದ ಗುಣಿಸಲು ಹೇಳುತ್ತಾನೆ. ಬರುವ ಲಬ್ಧವೇ ನಾವು ಬರೆದುಕೊಂಡ ಸಂಖ್ಯೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ. ಇಂತಹ ಲಬ್ಧಗಳಿಗೆ ಆತನು ಕಂಠಿಕೆ, ಎಂದರೆ ಕೊರಳ ಹಾರ, ಎಂಬ ಹೆಸರನ್ನು ಬಳಸಿರುವನು. ೧೨೩೪೫೬೭೯ನ್ನು ೯ರಿಂದ ಗುಣಿಸಿ ಒಂಬತ್ತು ಒಂದುಗಳ ಸಾಲನ್ನು ಪಡೆಯುವ ಲೆಕ್ಕವೂ ಅಲ್ಲಿಯೇ ಇದೆ.

ಇದು ಆಕಸ್ಮಿಕವಾಗಿ ಒದಗಿದ ಚೆಲುವೆ? ಹಾರವನ್ನು ಬಿಚ್ಚಿ ನೋಡೋಣ. ೧೧೧೧೧೧ನ್ನು ಅದರಿಂದಲೇ ಗುಣಿಸಿದರೂ ಇದೇ ಲಬ್ಧ. ಆರು ಒಂದುಗಳ ಸಾಲನ್ನು ಒಂದೊಂದು ಸ್ಥಾನ ಸರಿಸುತ್ತ ಆರು ಸಲ ಬರೆದು ಕೂಡಿದರೆ, ನಡುವೆ ಆರೂ ಇಕ್ಕೆಲಗಳಲ್ಲಿ ಐದು, ನಾಲ್ಕು, ಮೂರು, ಎರಡು, ಒಂದೂ ಬೀಳುವುವು. ಎಲ್ಲಿಯೂ ಮೊತ್ತವು ಹತ್ತನ್ನು ಮುಟ್ಟದ ಕಾರಣ ಮುಂದಿನ ಸ್ಥಾನಕ್ಕೆ ಏನೂ ಸಾಗದು. ಇನ್ನು ೧೧೧೧೧೧ ಎಂಬುದು ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಮೂರೇಳಲ ೨೧, ಅದರ ವರ್ಗ ೪೪೧. ಉಳಿದ ಮೂರನ್ನು ಗುಣಿಸಿದರೆ ೫೨೯೧; ಅದರ ವರ್ಗವೇ ೨೭೯೯೪೬೮೧! ಹಾರವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡು, ಅದನ್ನು ಒಡೆದು, ಆಮೇಲೆ ಪ್ರಶ್ನೆಯನ್ನು ಕಟ್ಟಿದವನ ಕೈ ಇಲ್ಲಿ ಸ್ಪಷ್ಟವಾಗಿ ಕಾಣುವುದು. ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆದು ಗುಣಿಸುವ ಕ್ರಮವನ್ನು ಆತನು ಅದೇ ಪಾಠದಲ್ಲಿ ಬೋಧಿಸಿಯೂ ಇರುವನು.

ಸ್ಥಾನಕ್ಕೊಂದು ಬೆಲೆಯುಳ್ಳ ಅಂಕಪದ್ಧತಿಯಿಲ್ಲದೆ ಈ ಸೊಬಗು ಕಣ್ಣಿಗೆ ಕಾಣದು. ರೋಮನರ ಅಕ್ಷರಗಳಲ್ಲಿ ಲೆಕ್ಕ ಬರೆಯುತ್ತಿದ್ದ ಅಂದಿನ ಯೂರೋಪಿನಲ್ಲಿ ಇಂಥ ಹಾರವನ್ನು ಹೆಣೆಯುವಂತಿರಲಿಲ್ಲ. ಪೀಸಾ ನಗರದ ಲಿಯೊನಾರ್ಡೊ ಭಾರತೀಯ ಅಂಕೆಗಳನ್ನು ಕುರಿತ ತನ್ನ ಗ್ರಂಥವನ್ನು ಬರೆದದ್ದು ೧೨೦೨ರಲ್ಲಿ. ಮಹಾವೀರನಾದರೋ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸಿದ್ದನು.

ಮದರಾಸಿನಲ್ಲಿ ಎಂ. ರಂಗಾಚಾರ್ಯರು ೧೯೧೨ರಲ್ಲಿ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದರು. ಅದುವರೆಗೆ ಸಾವಿರ ವರ್ಷ ಇದನ್ನು ಕಾಪಾಡಿದವರು ಲಿಪಿಕಾರರು. ಕೈಬರಹದಲ್ಲಿ ಅಂಕೆಗಳು ಕೆಡುವುದು ಸುಲಭ. ಆದರೆ ಇಲ್ಲಿ ಒಂದು ಅಂಕೆ ಕೆಟ್ಟರೂ ಹಾರವು ಹರಿಯುವುದು, ತಪ್ಪು ತಾನಾಗಿ ಬಯಲಾಗುವುದು.

ನಮ್ಮ ಪೂರ್ವಿಕರ ವಿದ್ಯೆಯನ್ನು ಕೆಲವರು ಅತಿಯಾಗಿ ಹೊಗಳುವರು, ಕೆಲವರು ಅಲ್ಲಗಳೆಯುವರು. ಇಬ್ಬರಿಗೂ ಈ ಸಂಖ್ಯೆಯನ್ನು ಕೊಡಬಹುದು. ಶಾಸನವನ್ನು ಓದಲು ಹಳೆಯ ಲಿಪಿಯನ್ನು ಬಲ್ಲವರು ಬೇಕು. ಈ ಸಾಕ್ಷಿಯನ್ನು ಪರೀಕ್ಷಿಸಲು ಗುಣಾಕಾರ ಬಲ್ಲ ಹುಡುಗನೋ ಹುಡುಗಿಯೋ ಸಾಕು.